ಬಣ್ಣಕ್ಕೆ ಬಾಡಿಗೆಯೇ, ಮನೆಗೆ ಬಾಡಿಗೆಯೇ?

ರಾಯಚೂರಿನ ತೀನ್ ಕಂದೀಲಿನಿಂದ ಹೊರಟು ಸ್ಟೇಷನ್ ರಸ್ತೆಯ ಕಡೆಗೋ ಗಂಜಿನ ಕಡೆಗೋ ನಡೆದು ಹೋಗುವವರು ಗೋಡೆಗಳ ಮೇಲೂ ವಿದ್ಯುತ್ ಕಂಬಗಳ ಮೇಲೂ ಒಂದು ಮಾತನ್ನು ಮೇಲಿಂದ ಮೇಲೆ ಓದುತ್ತಾರೆ. ಮೊದಲು "ಮನೆ ಬಾಡಿಗೆಗೆ ಇದೆ" ಎಂದು ಮಾತ್ರ ಬರೆದಿರುತ್ತಿದ್ದರು. ಈಗ ಬರೆಯುವುದು "ನವೀಕರಿಸಿದ ಎರಡು ಬೆಡ್‌ರೂಮಿನ ಮನೆ, ಊರ ನಡುವೆ" ಎಂದು. ಮನೆ ಅದೇ, ಗೋಡೆ ಅದೇ, ಮಾಳಿಗೆ ಅದೇ. ಹೊಸದಾಗಿ ಸೇರಿದ್ದು "ನವೀಕರಿಸಿದ" ಎಂಬ ಒಂದು ಶಬ್ದ, "ಊರ ನಡುವೆ" ಎಂಬ ಎರಡು ಶಬ್ದ. ಈ ಮೂರು ಶಬ್ದಗಳಿಗೆ ತಿಂಗಳಿಗೆ ಎಷ್ಟು ಬೆಲೆ, ಆ ಬೆಲೆಯನ್ನು ಯಾರು ಯಾರಿಗೆ ಕೊಡುತ್ತಿದ್ದಾರೆ, ಕೊಡುವುದು ನ್ಯಾಯವೇ ಎಂಬುದನ್ನು ಈ ವಾರ ವಿಚಾರ ಮಾಡೋಣ.

ಈ ಚೀಟಿಗಳನ್ನು ನಿಂತು ಓದುವವರು ಯಾರು? ಸ್ವಂತ ಮನೆಯಿದ್ದವರು ಓದುವುದಿಲ್ಲ. ಗಬ್ಬೂರಿನಿಂದ, ದೇವದುರ್ಗದಿಂದ, ಮಾನ್ವಿಯಿಂದ ಬಂದವರು ಓದುತ್ತಾರೆ. ಹತ್ತಿ ಮಿಲ್ಲಿನಲ್ಲಿ, ಎಣ್ಣೆ ಮಿಲ್ಲಿನಲ್ಲಿ ದುಡಿಯುವವರು, ಗಂಜಿನ ಹಮಾಲರು, ಅಡತಿ ಅಂಗಡಿಯ ಗುಮಾಸ್ತರು, ಬಟ್ಟೆಯ ಸಣ್ಣ ಅಂಗಡಿ ಇಟ್ಟುಕೊಂಡವರು ಓದುತ್ತಾರೆ. ಊರಲ್ಲಿ ಇವರಿಗೆ ಸ್ವಂತ ಗೂಡು ಇರಬಹುದು. ಆದರೆ ಮಿಲ್ಲಿನ ರಾತ್ರಿ ಪಾಳಿ ಮುಗಿಯುವ ಹೊತ್ತಿಗೆ ಗಬ್ಬೂರಿಗೆ ಬಸ್ಸು ಇರುವುದಿಲ್ಲ. ಮಗಳು ಕಾಲೇಜಿಗೆ ಬಂದಿದ್ದಾಳೆ. ತಾಯಿಗೆ ತಿಂಗಳಿಗೆ ಎರಡು ಸಲ ದೊಡ್ಡ ದವಾಖಾನೆಗೆ ತೋರಿಸಬೇಕು. ಹೀಗಿರುವಲ್ಲಿ ಪಟ್ಟಣದಲ್ಲಿ ಮನೆ ಹಿಡಿಯದೆ ಗತ್ಯಂತರವಿಲ್ಲ.

ಎರಡು ಕೋಣೆ ಏಕೆ ಬೇಕು, ಒಂದು ಖೋಲಿಯಲ್ಲಿ ಇರಬಾರದೇ ಎಂದು ಕೇಳುವ ಮಹನೀಯರಿದ್ದಾರೆ. ಹಾಗೆ ಕೇಳುವವರ ಮನೆಯಲ್ಲಿ ದೇವರಿಗೇ ಒಂದು ಕೋಣೆ ಇರುತ್ತದೆ. ಬೆಳೆದ ಮಗಳು, ಕೆಮ್ಮುವ ಮುದುಕಿ, ಹಗಲು ಮಲಗಬೇಕಾದ ರಾತ್ರಿ ಪಾಳಿಯ ಗಂಡಸು, ಪರೀಕ್ಷೆಗೆ ಓದುವ ಹುಡುಗ, ಇಷ್ಟು ಜನ ಒಂದು ಖೋಲಿಯಲ್ಲಿದ್ದರೆ ಯಾರೂ ನಿದ್ರೆ ಮಾಡಲಾರರು, ಯಾರೂ ಓದಲಾರರು. ಮೇಷ್ಟ್ರಾಗಿದ್ದ ಕಾಲದಲ್ಲಿ ತರಗತಿಯಲ್ಲಿ ತೂಕಡಿಸುವ ಎಷ್ಟೋ ಹುಡುಗರನ್ನು ನೋಡಿದ್ದೇನೆ. ಅವರಲ್ಲಿ ದಡ್ಡರು ಕಡಿಮೆ. ಮನೆಯಲ್ಲಿ ಮಲಗಲು ಜಾಗವಿಲ್ಲದವರೇ ಹೆಚ್ಚು. ಎರಡು ಕೋಣೆ ಎಂಬುದು ಷೋಕಿಯ ಮಾತಲ್ಲ.

ಇನ್ನು "ನವೀಕರಣ"ದ ಒಳಗುಟ್ಟನ್ನು ನೋಡೋಣ. ಗಬ್ಬೂರಿನ ಕಡೆಯ ಒಬ್ಬ ಮಿಲ್ ಕೆಲಸಗಾರರು ಬೇಸಿಗೆಯಲ್ಲಿ ಇಂಥ ಒಂದು ಮನೆ ಹಿಡಿದರು. ಹೆಸರು ಬೇಡ, ಓಣಿಯೂ ಬೇಡ. ನೋಡಲು ಹೋದಾಗ ಮನೆ ಮದುಮಗಳಂತೆ ಇತ್ತು. ಶಹಾಬಾದ ಫರಸಿಯ ಮೇಲೆ ಹೊಳೆಯುವ ಟೈಲ್ಸು, ಗೋಡೆಗೆ ತಿಳಿ ಹಳದಿ ಬಣ್ಣ, ಛಾವಣಿಯ ಕೆಳಗೆ ಬಿಳಿ ಹಲಗೆಯ ಇನ್ನೊಂದು ಛಾವಣಿ, ಅಡಿಗೆ ಮನೆಯಲ್ಲಿ ಕಪ್ಪು ಕಲ್ಲಿನ ಕಟ್ಟೆ, ಬಚ್ಚಲಲ್ಲಿ ಥಳಥಳಿಸುವ ನಳ. ಮನೆಯಾಕೆ ಒಮ್ಮೆ ಸುತ್ತಲೂ ನೋಡಿ "ಇದೇ ಇರಲಿ" ಎಂದರು. ಮುಂಗಾರಿನ ಎರಡನೆಯ ಮಳೆಗೆ ಬಿಳಿ ಹಲಗೆಯ ಮೇಲೆ ಹಂಚಿನಗಲದ ಕಂದು ಕಲೆ ಎದ್ದಿತು. ಮೂರನೆಯ ಮಳೆಗೆ ಹಲಗೆಯೇ ಬಾಗಿತು. ಮೇಲಿನ ಸ್ಲಾಬು ಮೊದಲಿನಿಂದಲೂ ಸೋರುತ್ತಿತ್ತು. ಅದನ್ನು ಮುಚ್ಚಲು ಹಲಗೆ ಹೊಡೆದಿದ್ದರು. ಶ್ರಾವಣದ ಹೊತ್ತಿಗೆ ಹಳದಿ ಬಣ್ಣ ಹೊಪ್ಪಳಿಕೆ ಎದ್ದು ಒಳಗಿನ ಉಪ್ಪೇರಿದ ಗೋಡೆ ಕಾಣಿಸಿಕೊಂಡಿತು. ನಳ ಹೊಸದು, ಅದಕ್ಕೆ ನೀರು ತರುವ ಕೊಳವೆ ತುಕ್ಕು ಹಿಡಿದದ್ದು. ಟೈಲ್ಸು ಹೊಸದು, ಅದರ ಕೆಳಗಿನ ಸಂಡಾಸದ ಪೈಪು ಅಪ್ಪನ ಕಾಲದ್ದು. ಒಳಗೆ ಹುಳುಕು ಮೇಲೆ ತಳುಕು ಎಂದು ನಮ್ಮ ಹಿರಿಯರು ಇಂಥದ್ದನ್ನು ನೋಡಿಯೇ ಹೇಳಿರಬೇಕು.

ಕೊಳವೆಯ ಮಾತು ಬಂದಿತಾದ್ದರಿಂದ ಒಂದು ಸಂಗತಿಯನ್ನು ನೆನಪಿಸಬೇಕು. 2022ರ ಮೇ, ಜೂನ್ ತಿಂಗಳಲ್ಲಿ ರಾಯಚೂರು ನಗರದಲ್ಲಿ ನಳದ ಕಲುಷಿತ ನೀರು ಕುಡಿದು ಜನ ಸತ್ತರು. ಹಲವಾರು ಮಂದಿ, ಅದರಲ್ಲೂ ಮಕ್ಕಳು, ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ ಹರಿಯುವ ಸೀಮೆಯಲ್ಲಿ ನೀರು ಕುಡಿದು ಸಾಯುವುದೆಂದರೆ ಏನು ಹೇಳೋಣ! ಅದು ನಗರದ ನೀರು ಸರಬರಾಜಿನ ದೋಷವಾಗಿತ್ತು; ಮನೆ ಮಾಲಿಕರ ತಲೆಗೆ ಅದನ್ನು ಕಟ್ಟುವುದು ಸರಿಯಲ್ಲ. ಆದರೆ ಆ ವರ್ಷದ ಮೇಲಾದರೂ, ಮನೆ ನೋಡಲು ಹೋದವರು ಗೋಡೆಯ ಬಣ್ಣ ನೋಡುವ ಮುಂಚೆ ನೀರಿನ ಕೊಳವೆ ಗಟಾರದ ಪಕ್ಕದಲ್ಲಿ ಬಂದಿದೆಯೇ, ಮೇಲಿನ ಟಾಕಿಗೆ ಮುಚ್ಚಳವಿದೆಯೇ, ಅದನ್ನು ಕೊನೆಗೆ ತೊಳೆದದ್ದು ಯಾವಾಗ ಎಂದು ಕೇಳುವುದನ್ನು ಕಲಿಯಬೇಕಾಗಿತ್ತು. ನಾವು ಇನ್ನೂ ಬಣ್ಣವನ್ನೇ ನೋಡುತ್ತಿದ್ದೇವೆ.

ಬಿಸಿಲಿನದೂ ಇದೇ ಕಥೆ. ಹಳೆಯ ಮಣ್ಣಿನ ಮಾಳಿಗೆಯ ಮನೆ ಎಷ್ಟೇ ಹಳತಾದರೂ ಮೇ ತಿಂಗಳಲ್ಲಿ ಒಳಗೆ ತಂಪು. ಈಗಿನ ಮೂರನೆಯ ಅಂತಸ್ತಿನ ತೆಳು ಸ್ಲಾಬಿನ ಕೆಳಗೆ ನಲವತ್ತೆರಡು ಡಿಗ್ರಿ ಬಿಸಿಲಿನ ದಿನ ಮಧ್ಯಾಹ್ನ ಎರಡು ಗಂಟೆಗೆ ಕುಳಿತು ನೋಡಿ. ಫ್ಯಾನು ತಿರುಗಿದರೆ ಬರುವುದು ಒಲೆಯ ಉರಿ. ಮನೆ ನೋಡಲು ದಲಾಲರು ಸಂಜೆ ಆರಕ್ಕೆ ಕರೆಯುವುದು ಸುಮ್ಮನೆ ಅಲ್ಲ.

ಇರಲಿ. ಈಗ ಲೆಕ್ಕಕ್ಕೆ ಬರೋಣ. ಹಳೆಯ ಕಸುಬು ಬಿಡುವುದಿಲ್ಲ. ಓದುಗರು ತುಸು ತಾಳ್ಮೆಯಿಂದ ಪೆನ್ಸಿಲು ಹಿಡಿಯಬೇಕು.

ಒಂದು ಮನೆಗೆ ಮೊದಲು ತಿಂಗಳಿಗೆ 5,000 ರೂಪಾಯಿ ಬಾಡಿಗೆ ಇತ್ತೆಂದು ಇಟ್ಟುಕೊಳ್ಳಿ. ಮಾಲಿಕರು 90,000 ರೂಪಾಯಿ ಹಾಕಿ ಬಣ್ಣ, ಟೈಲ್ಸು, ಹಲಗೆ ಮಾಡಿಸಿದರು. ಬಾಡಿಗೆ 9,000 ಆಯಿತು. ಮುಂಗಡ ಹತ್ತು ತಿಂಗಳದ್ದು, ಅಂದರೆ 90,000. ಈ ಹತ್ತು ತಿಂಗಳ ಮುಂಗಡ ಬೆಂಗಳೂರಿನ ಪದ್ಧತಿ. ಒಳ್ಳೆಯದು ಯಾವುದೂ ಅಲ್ಲಿಂದ ಇಲ್ಲಿಯವರೆಗೆ ಬೇಗ ಬರುವುದಿಲ್ಲ, ಇದು ಮಾತ್ರ ರೈಲಿಗಿಂತ ಮುಂಚೆ ಬಂದಿದೆ. ಗಮನಿಸಿ: ಬಣ್ಣಕ್ಕೆ ಹಾಕಿದ್ದೂ ತೊಂಬತ್ತು ಸಾವಿರ, ಬಾಡಿಗೆದಾರ ತಂದು ಕೊಟ್ಟದ್ದೂ ತೊಂಬತ್ತು ಸಾವಿರ. ಹಾಗಾದರೆ ಬಣ್ಣ ಬಳಿಸಿದವರು ಯಾರು? ಹೆಂಡತಿಯ ಬಂಗಾರ ಅಡವಿಟ್ಟು ಮುಂಗಡ ತಂದ ಆ ಮಿಲ್ ಕೆಲಸಗಾರನೇ. ಅವನ ದುಡ್ಡಿನಿಂದಲೇ ಗೋಡೆ ಹೊಳೆಯಿತು, ಗೋಡೆ ಹೊಳೆಯಿತೆಂದು ಅವನೇ ತಿಂಗಳಿಗೆ ನಾಲ್ಕು ಸಾವಿರ ಹೆಚ್ಚು ಕೊಡುತ್ತಿದ್ದಾನೆ. ಅವನ ತೊಂಬತ್ತು ಸಾವಿರಕ್ಕೆ ನೂರಕ್ಕೆ ಆರರಂತೆ ವರ್ಷಕ್ಕೆ 5,400 ರೂಪಾಯಿ ಬಡ್ಡಿ ಬರಬೇಕಿತ್ತು; ಅದೂ ಇಲ್ಲ. ಅಡವಿಟ್ಟ ಬಂಗಾರಕ್ಕೆ ಬಡ್ಡಿ ಕಟ್ಟುವುದು ಬೇರೆ.

ಇನ್ನೊಂದು ರೀತಿಯಲ್ಲಿ ಕೂಡಿಸೋಣ. ಮಾಲಿಕರು ತಮ್ಮ ಗಂಟಿನಿಂದಲೇ ತೊಂಬತ್ತು ಸಾವಿರ ಹಾಕಿದರೆಂದೇ ತಿಳಿಯೋಣ. ಆ ಕೆಲಸ ಹತ್ತು ವರ್ಷ ಬಾಳಿದರೆ ತಿಂಗಳಿಗೆ ಬೀಳುವುದು 750 ರೂಪಾಯಿ. ಹಾಕಿದ ದುಡ್ಡಿಗೆ ನೂರಕ್ಕೆ ಹತ್ತರಂತೆ ಧಾರಾಳವಾಗಿ ಬಡ್ಡಿ ಕೊಟ್ಟರೆ ಇನ್ನೊಂದು 750. ಒಟ್ಟು ಒಂದೂವರೆ ಸಾವಿರ. ಐದು ಸಾವಿರದ ಮನೆ ಆರೂವರೆ ಸಾವಿರ ಆಗಬೇಕು. ಆದದ್ದು ಒಂಬತ್ತು ಸಾವಿರ. ನಡುವಿನ ಎರಡೂವರೆ ಸಾವಿರ ಯಾವುದಕ್ಕೆ?

ಅದು "ಊರ ನಡುವೆ" ಎಂಬ ಆ ಎರಡು ಶಬ್ದಗಳಿಗೆ. ಆದರೆ ಊರಿನ ನಡುವನ್ನು ಮಾಡಿದವರು ಯಾರು? ರಸ್ತೆ ಹಾಕಿದ್ದು ಸಾರ್ವಜನಿಕರ ತೆರಿಗೆಯಿಂದ. ಬಸ್ ನಿಲ್ದಾಣ, ದೀಪ, ಶಾಲೆ, ದವಾಖಾನೆ ಎಲ್ಲ ಸಾರ್ವಜನಿಕರದು. ಗಂಜಿಗೆ ಹತ್ತಿ, ಭತ್ತ, ಮೆಣಸಿನಕಾಯಿ ತಂದು ಸುರಿದವನು ರೈತ. ಚೀಲ ಹೊತ್ತವನು ಹಮಾಲ. ಬೆಳಿಗ್ಗೆ ಆರಕ್ಕೆ ಅಂಗಡಿ ತೆರೆದು ರಾತ್ರಿ ಹತ್ತರವರೆಗೆ ಓಣಿಗೆ ಬೆಳಕು ಕೊಟ್ಟವನು ಸಣ್ಣ ವ್ಯಾಪಾರಿ. ಇವರೆಲ್ಲ ಸೇರಿ ಆ ಜಾಗಕ್ಕೆ ಬೆಲೆ ತಂದರು. ಆ ಬೆಲೆಯನ್ನು ಎತ್ತಿಕೊಂಡವನು ಆ ಜಾಗದ ಪತ್ರ ಇಟ್ಟುಕೊಂಡವನು. ತಾವೇ ತಂದ ಬೆಲೆಯನ್ನು ಹಮಾಲನೂ ವ್ಯಾಪಾರಿಯೂ ತಿಂಗಳ ಮೊದಲ ವಾರ ತಾವೇ ಕಟ್ಟುತ್ತಾರೆ. ಹೊಲದಲ್ಲಿ ಈ ಅನ್ಯಾಯವನ್ನು ನಾವು ಗುರುತಿಸಿದೆವು. 1951ರ ಕಾಗೋಡಿನಿಂದ 1974ರ ಭೂಸುಧಾರಣೆಯ ತಿದ್ದುಪಡಿಯವರೆಗೆ ಹೋರಾಡಿ ಉಳುವವನಿಗೆ ಹೊಲ ಎಂದೆವು. ಪಟ್ಟಣದ ಗೇಣಿಯ ಬಗ್ಗೆ ಮಾತ್ರ ಬಾಯಿ ಬಿಡಲಿಲ್ಲ.

ಹತ್ತಿಯ ಜಿನ್ನು ಹಂಗಾಮಿನಲ್ಲಿ ಓಡುತ್ತದೆ, ಹಂಗಾಮು ಮುಗಿದರೆ ನಿಲ್ಲುತ್ತದೆ. ಬಾಡಿಗೆ ಹನ್ನೆರಡು ತಿಂಗಳೂ ಓಡುತ್ತದೆ.

ನವೀಕರಣದಲ್ಲಿ ಇದಕ್ಕಿಂತ ಕೆಟ್ಟ ಸಂಗತಿ ಒಂದಿದೆ. ಮನೆ ಹೊಸದಾಗುವ ಮುಂಚೆ ಅದರೊಳಗೆ ಒಂದು ಸಂಸಾರ ಇತ್ತಲ್ಲ, ಅದು ಎಲ್ಲಿ ಹೋಯಿತು? "ದುರಸ್ತಿ ಮಾಡಿಸಬೇಕು, ಎರಡು ತಿಂಗಳು ಬಿಡಿ" ಎಂದು ಹೇಳಿ ಅವರನ್ನು ಹೊರಡಿಸುತ್ತಾರೆ. ದುರಸ್ತಿ ಮುಗಿದ ಮೇಲೆ ಅವರು ಹಿಂದಿರುಗಿ ಬಂದರೆ ಬಾಗಿಲಲ್ಲಿ ಹೊಸ ಬೆಲೆ ನಿಂತಿರುತ್ತದೆ. ಹತ್ತು ವರ್ಷ ಆ ಮನೆಯಲ್ಲಿ ಕಸ ಗುಡಿಸಿ, ದೀಪ ಹಚ್ಚಿ, ಸೋರುವಲ್ಲಿ ಪಾತ್ರೆಯಿಟ್ಟು ಬಾಳಿದವರು ಊರ ಹೊರಗಿನ ತಗಡಿನ ಶೆಡ್ಡಿಗೆ ಹೋಗಬೇಕು. ಸೋರುವಾಗ ಮಾಡದ ದುರಸ್ತಿ ಅವರು ಬಿಟ್ಟ ಮೇಲೆ ಆಯಿತು. ಬಾಡಿಗೆದಾರರನ್ನು ಬದಲಾಯಿಸುವ ಉಪಾಯಕ್ಕೆ ದುರಸ್ತಿ ಎಂಬ ಹೆಸರು ಬಂದಿದೆ.

ಹಳೆಯ ಕಾಯಿದೆ ಇದಕ್ಕೆ ಕಡಿವಾಣ ಹಾಕಿತ್ತು. ನಮ್ಮ ಜಿಲ್ಲೆ ಹೈದರಾಬಾದ ರಾಜ್ಯದಲ್ಲಿದ್ದಾಗ 1954ರಲ್ಲಿ ಮನೆಗಳ ಬಾಡಿಗೆ, ಖಾಲಿ ಮಾಡಿಸುವಿಕೆ ಮತ್ತು ಲೀಸಿನ ನಿಯಂತ್ರಣ ಕಾಯಿದೆ ಬಂದಿತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ 1961ರ ಮೈಸೂರು ಬಾಡಿಗೆ ನಿಯಂತ್ರಣ ಕಾಯಿದೆ ಇಡೀ ರಾಜ್ಯಕ್ಕೆ ಒಂದಾಗಿ ಬಂದಿತು. ಆ ಕಾಯಿದೆಯ ಪ್ರಕಾರ ದುರಸ್ತಿಗೆಂದು ಮನೆ ಬಿಡಿಸಿದರೆ, ದುರಸ್ತಿ ಮುಗಿದ ಮೇಲೆ ಅದೇ ಬಾಡಿಗೆದಾರನಿಗೆ ಮತ್ತೆ ಒಳಗೆ ಬರುವ ಹಕ್ಕಿತ್ತು. ಆ ಕಾಯಿದೆಯಲ್ಲಿ ತೊಡಕುಗಳು ಇದ್ದವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಮೂವತ್ತು ರೂಪಾಯಿ ಬಾಡಿಗೆಯಲ್ಲಿ ಮೂರು ತಲೆಮಾರು ಕುಳಿತವರೂ ಇದ್ದರು. ಬೀಳುವ ಮನೆಗೆ ಮಾಲಿಕರು ಒಂದು ಇಟ್ಟಿಗೆಯನ್ನೂ ಇಡದಂತಾದದ್ದೂ ಉಂಟು. ತೊಡಕನ್ನು ಬಿಡಿಸುವ ಬದಲು ಸರಕಾರ ಹಗ್ಗವನ್ನೇ ಕತ್ತರಿಸಿತು.

1999ರ ಕರ್ನಾಟಕ ಬಾಡಿಗೆ ಕಾಯಿದೆ 2001ರ ಕೊನೆಯ ದಿನ ಜಾರಿಗೆ ಬಂದಿತು. ಅದರಲ್ಲಿ ಬಾಡಿಗೆದಾರನ ರಕ್ಷಣೆಗೆ ಅಷ್ಟಿಷ್ಟು ಮಾತುಗಳಿವೆ. ಆದರೆ ಬಾಗಿಲಲ್ಲೇ ಒಂದು ಅಗುಳಿ ಇದೆ: ಪಟ್ಟಿಯ ಮೊದಲ ಭಾಗದಲ್ಲಿ ಹೆಸರಿಸಿದ ಊರುಗಳಲ್ಲಿ ತಿಂಗಳಿಗೆ 3,500, ಉಳಿದ ಕಡೆ 2,000 ರೂಪಾಯಿಗಿಂತ ಹೆಚ್ಚಿನ ಬಾಡಿಗೆಯ ಮನೆಗೆ ಆ ಕಾಯಿದೆ ತಾಗುವುದಿಲ್ಲ. ಎರಡು ಸಾವಿರಕ್ಕೆ ಈಗ ರಾಯಚೂರಿನ ನಡುವೆ ಎರಡು ಕೋಣೆಯ ಮನೆ ಯಾರು ಕೊಡುತ್ತಾರೆ? ಅಂದಮೇಲೆ ಈ ಲೇಖನದ ಮನೆಗಳೆಲ್ಲ ಕಾಯಿದೆಯ ಹೊರಗೆ ನಿಂತಿವೆ. ಇನ್ನೊಂದು ಕಲಮು ಇನ್ನೂ ಸ್ವಾರಸ್ಯವಾಗಿದೆ. ಹೊಸದಾಗಿ ಕಟ್ಟಿದ ಅಥವಾ ಗಣನೀಯವಾಗಿ ನವೀಕರಿಸಿದ ಕಟ್ಟಡಕ್ಕೆ ಹದಿನೈದು ವರ್ಷ ಕಾಯಿದೆಯಿಂದ ವಿನಾಯಿತಿ. ಆದರೆ "ಗಣನೀಯ ನವೀಕರಣ" ಎನ್ನಬೇಕಾದರೆ ಕಟ್ಟಡದ ನೂರಕ್ಕೆ ಎಪ್ಪತ್ತೈದು ಭಾಗವಾದರೂ ಹೊಸದಾಗಿ ಕಟ್ಟಿರಬೇಕೆಂದು ಅದೇ ಕಾಯಿದೆ ಹೇಳುತ್ತದೆ. ಸರಕಾರದ ಕಾಯಿದೆಗೇ ಬಣ್ಣ ಬಳಿಯುವುದು ನವೀಕರಣವಲ್ಲ ಎಂದು ಗೊತ್ತಿದೆ. ಕಂಬಕ್ಕೆ ಚೀಟಿ ಅಂಟಿಸುವವರಿಗೆ ಗೊತ್ತಿಲ್ಲ.

ಹಾಗಾದರೆ ಒಂಬತ್ತು ಸಾವಿರ ಕೊಡುವ ನಮ್ಮ ಬಾಡಿಗೆದಾರನ ಪಾಲಿಗೆ ಉಳಿದದ್ದೇನು? 1882ರ ಆಸ್ತಿ ವರ್ಗಾವಣೆ ಕಾಯಿದೆ ಮತ್ತು ಅವನು ಸಹಿ ಮಾಡುವ ಕರಾರು ಪತ್ರ. ಇಂಗ್ಲಿಷರ ಕಾಲದ ಆ ಕಾಯಿದೆ ಬಾಡಿಗೆದಾರನಿಗಾಗಿ ಮಾಡಿದ್ದಲ್ಲ. ಆದರೂ ಅದರ 108ನೆಯ ಕಲಮನ್ನು ಪ್ರತಿ ಮಿಲ್ಲಿನ ಗೇಟಿನಲ್ಲಿ ಓದಿ ಹೇಳಬೇಕು. ಮನೆಯಲ್ಲಿ ಮೇಲುನೋಟಕ್ಕೆ ತಿಳಿಯದ ದೊಡ್ಡ ದೋಷವಿದ್ದು ಅದು ಮಾಲಿಕನಿಗೆ ಗೊತ್ತಿದ್ದರೆ, ಅದನ್ನು ಬಾಡಿಗೆದಾರನಿಗೆ ತಿಳಿಸಲು ಅವನು ಬದ್ಧ. ಸೋರುವ ಸ್ಲಾಬಿಗೆ ಹಲಗೆ ಹೊಡೆದು ಬಾಯಿ ಮುಚ್ಚಿಕೊಂಡವರು ಈ ಮಾತನ್ನು ಎರಡು ಸಲ ಓದಲಿ. ಮಾಲಿಕ ಮಾಡಬೇಕಾದ ದುರಸ್ತಿಯನ್ನು ತಿಳಿವಳಿಕೆ ಕೊಟ್ಟ ಮೇಲೂ ತಕ್ಕ ಸಮಯದಲ್ಲಿ ಮಾಡದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಆ ಖರ್ಚನ್ನು ಬಡ್ಡಿ ಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಬಿಡುವಾಗ ಮನೆಯನ್ನು ಹಿಡಿದಾಗ ಇದ್ದಂತೆ ಒಪ್ಪಿಸಬೇಕು, ನಿಜ; ಆದರೆ ಬಳಕೆಯಿಂದ ಸಹಜವಾಗಿ ಸವೆದದ್ದಕ್ಕೆ ಅವನು ಹೊಣೆಯಲ್ಲ. ಹಾಗಿದ್ದೂ ಬಿಡುವಾಗ "ಬಣ್ಣದ ಖರ್ಚು" ಎಂದು ಒಂದು ತಿಂಗಳ ಬಾಡಿಗೆ ಮುರಿಯುವುದು ಎಲ್ಲ ಕಡೆ ರೂಢಿಯಾಗಿದೆ. ಹಿಡಿಯುವಾಗಲೂ ಬಣ್ಣಕ್ಕೆ ದುಡ್ಡು, ಬಿಡುವಾಗಲೂ ಬಣ್ಣಕ್ಕೆ ದುಡ್ಡು!

ಇಲ್ಲಿ ಒಂದು ಮುಳ್ಳಿದೆ. ಈ ಕಲಮುಗಳೆಲ್ಲ "ಕರಾರಿನಲ್ಲಿ ಬೇರೆ ರೀತಿ ಒಪ್ಪಿರದಿದ್ದರೆ" ಮಾತ್ರ. ಎಲ್ಲ ದುರಸ್ತಿ ಬಾಡಿಗೆದಾರನದೇ ಎಂದು ಕರಾರಿನಲ್ಲಿ ಬರೆದು ನೀವು ಸಹಿ ಹಾಕಿದರೆ 108ನೆಯ ಕಲಮು ನಿಮ್ಮನ್ನು ಕಾಯಲಾರದು. ತಹಶೀಲಿನ ಹೊರಗೆ ಕುಳಿತ ಟೈಪಿಸ್ಟರ ಬಳಿ ಕರಾರು ಮೊದಲೇ ಸಿದ್ಧವಿರುತ್ತದೆ, ಹೆಸರು ತುಂಬಿದರೆ ಮುಗಿಯಿತು. ಅದು ಹನ್ನೊಂದು ತಿಂಗಳದ್ದೇ ಏಕೆ ಎಂದು ಬಹಳ ಜನ ಕೇಳುತ್ತಾರೆ. ಒಂದು ವರ್ಷಕ್ಕೆ ಮೀರಿದ ಲೀಸನ್ನು 1908ರ ನೋಂದಣಿ ಕಾಯಿದೆಯಂತೆ ನೋಂದಾಯಿಸಲೇಬೇಕು. ಆ ಖರ್ಚು, ಆ ಓಡಾಟ ಬೇಡವೆಂದು ಹನ್ನೊಂದು. ಹನ್ನೊಂದನೆಯ ತಿಂಗಳು ಬಂದಾಗಲೆಲ್ಲ ಬಾಡಿಗೆ ಏರಿಸಲು ಬಾಗಿಲು ತೆರೆದಿರುತ್ತದೆ. ಕರಾರೇ ಇಲ್ಲದೆ ತಿಂಗಳ ಲೆಕ್ಕದಲ್ಲಿದ್ದರೆ ಹದಿನೈದು ದಿನದ ನೋಟೀಸು ಸಾಕು. ಆದರೂ ನೋಟೀಸು ಕೊಟ್ಟ ಮಾತ್ರಕ್ಕೆ ಸಾಮಾನು ಹೊರಗೆ ಹಾಕಿ ಬೀಗ ಜಡಿಯುವ ಅಧಿಕಾರ ಯಾರಿಗೂ ಇಲ್ಲ. ಹಾಗೆ ಬಲಾತ್ಕಾರದಿಂದ ಹೊರಹಾಕಿದರೆ ಆರು ತಿಂಗಳೊಳಗೆ ದಾವೆ ಹೂಡಿ ಮತ್ತೆ ಸ್ವಾಧೀನ ಪಡೆಯಲು 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ 6ನೆಯ ಕಲಮು ಅವಕಾಶ ಕೊಡುತ್ತದೆ.

ಆದಕಾರಣ ಕರಾರಿಗೆ ಸಹಿ ಹಾಕುವ ದಿನ ನಾಚಿಕೆ ಬಿಡಬೇಕು. ಗೋಡೆ, ಮಾಳಿಗೆ, ಕೊಳವೆ, ಸಂಡಾಸು, ವಿದ್ಯುತ್ ತಂತಿ ಇವುಗಳ ದುರಸ್ತಿ ಯಾರದೆಂದು ಬರೆಯಿಸಿ. ಮುಂಗಡ ಎಷ್ಟು, ಬಿಟ್ಟ ಎಷ್ಟು ದಿನದೊಳಗೆ ಹಿಂದಿರುಗಿಸಬೇಕು, ಯಾವುದಕ್ಕೆ ಮುರಿಯಬಹುದು ಎಂದು ಬರೆಯಿಸಿ. ಒಳಗೆ ಹೋಗುವ ದಿನವೇ ಮೊಬೈಲಿನಲ್ಲಿ ಪ್ರತಿ ಗೋಡೆಯ ಫೋಟೋ ತೆಗೆದು ಮಾಲಿಕರಿಗೂ ಕಳಿಸಿಡಿ. ಬಾಡಿಗೆ ಕೈಯಲ್ಲಿ ಕೊಟ್ಟರೆ ಪಾವತಿ ಕೇಳಿ. "ನಮ್ಮ ಮೇಲೆ ನಂಬಿಕೆ ಇಲ್ಲವೇನಪ್ಪಾ?" ಎಂದು ಅವರು ಕೇಳುತ್ತಾರೆ. "ನಂಬಿಕೆ ಇದೆ ಯಜಮಾನರೇ, ಅದಕ್ಕೇ ಬರೆದಿಡೋಣ" ಎನ್ನಿ.

ಕಾಗದವಿದ್ದರೆ ಇನ್ನೊಂದು ಲಾಭ ಉಂಟು. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆ 200 ಯುನಿಟ್ಟಿನವರೆಗೆ ಬಾಡಿಗೆದಾರರಿಗೂ ಅನ್ವಯಿಸುತ್ತದೆ. ಮೀಟರಿನ ಆರ್‌ಆರ್ ಸಂಖ್ಯೆಗೆ ಬಾಡಿಗೆದಾರರ ಆಧಾರ್ ಜೋಡಿಸಬೇಕು, ಆ ಮನೆಯಲ್ಲಿ ವಾಸವಿರುವುದಕ್ಕೆ ಕರಾರು ಪತ್ರದಂಥ ದಾಖಲೆ ಬೇಕು. ಹಿಂದಿದ್ದವರ ಹೆಸರು ಜೋಡಣೆಯಾಗಿದ್ದರೆ ಅದನ್ನು ಮೊದಲು ಬಿಡಿಸಬೇಕು. ಒಂದು ಹಳೆಯ ಮನೆಯನ್ನು ಮೂರು ಪಾಲು ಮಾಡಿ ಮೂರು ಸಂಸಾರಕ್ಕೆ ಕೊಟ್ಟು ಮೀಟರು ಒಂದೇ ಇಟ್ಟರೆ ಮೂವರ ಯುನಿಟ್ಟು ಒಟ್ಟಾಗಿ ಮಿತಿ ಮೀರುತ್ತದೆ, ಮೂವರಿಗೂ ಸೊನ್ನೆ. ಆದ್ದರಿಂದ ಬೇರೆ ಮೀಟರು ಇದೆಯೇ ಎಂದು ಮನೆ ನೋಡುವಾಗಲೇ ಕೇಳಿ. ವ್ಯಾಪಾರಿ ಬಂಧುಗಳಿಗೆ ಒಂದು ಮಾತು: ಜಿಎಸ್‌ಟಿ ನೋಂದಣಿ ಇದ್ದವರು ಅಂಗಡಿಯ ಹೆಸರಿನಲ್ಲಿ ವಾಸದ ಮನೆ ಹಿಡಿದರೆ 2022ರ ಜುಲೈ 18ರಿಂದ ಬಾಡಿಗೆಯ ಮೇಲೆ ತೆರಿಗೆಯನ್ನು ಬಾಡಿಗೆದಾರರೇ ಕಟ್ಟಬೇಕೆಂದು ಆಗಿದೆ. ಒಬ್ಬರೇ ಮಾಲಿಕರಾಗಿರುವ ಅಂಗಡಿಯವರು ತಮ್ಮ ಸ್ವಂತ ಹೆಸರಿನಲ್ಲಿ, ಸ್ವಂತ ವಾಸಕ್ಕೆ ಹಿಡಿದು, ಬಾಡಿಗೆಯನ್ನು ಅಂಗಡಿಯ ಲೆಕ್ಕಕ್ಕೆ ಹಾಕದಿದ್ದರೆ ಈ ಹೊರೆ ಇಲ್ಲವೆಂದು 2023ರ ಜನವರಿ 1ರಿಂದ ಸ್ಪಷ್ಟಪಡಿಸಿದ್ದಾರೆ. ಕರಾರಿನಲ್ಲಿ ಯಾರ ಹೆಸರು ಎಂಬುದು ಇಷ್ಟು ದೊಡ್ಡ ಮಾತು.

ಕರಾರಿಗೂ ಮುಂಚೆ, ಬಾಗಿಲಲ್ಲೇ ಬೀಳುವ ಒಂದು ಪ್ರಶ್ನೆಯಿದೆ: "ನೀವು ಯಾವ ಜನ?" ಉತ್ತರ ಕೇಳಿದ ಮೇಲೆ "ಅಯ್ಯೋ, ನಿನ್ನೆಯೇ ಕೊಟ್ಟುಬಿಟ್ಟೆವಲ್ಲ" ಎನ್ನುತ್ತಾರೆ. ಚೀಟಿ ಇನ್ನೂ ಒಂದು ತಿಂಗಳು ಕಂಬದ ಮೇಲೆಯೇ ಇರುತ್ತದೆ. ದಲಿತರಿಗೆ, ಮುಸಲ್ಮಾನರಿಗೆ ಊರ ನಡುವಿನ ಮನೆ ಒಂಬತ್ತು ಸಾವಿರ ಕೊಟ್ಟರೂ ಸಿಗುವುದು ಕಷ್ಟ ಎಂಬುದನ್ನು ಮುಚ್ಚಿಟ್ಟು ಬಾಡಿಗೆಯ ಬಗ್ಗೆ ಬರೆಯುವುದು ಆತ್ಮವಂಚನೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಅಸ್ಪೃಶ್ಯತೆಯ ಕಾರಣಕ್ಕಾಗಿ ಯಾವನೇ ಒಬ್ಬನಿಗೆ ಯಾವುದೇ ವಸತಿಯಲ್ಲಿ ಮನೆ ಹಿಡಿದು ವಾಸಿಸಲು ಅಡ್ಡಿ ಮಾಡುವುದನ್ನು ಅಪರಾಧವೆಂದು ಹೇಳಿದೆ. ಕಾಯಿದೆಗೆ ಎಪ್ಪತ್ತು ವರ್ಷ ಆಯಿತು. ಪ್ರಶ್ನೆ ಕೇಳುವವರ ದನಿ ಮಾತ್ರ ಸ್ವಲ್ಪ ಮೆತ್ತಗಾಗಿದೆ. ನಮ್ಮದೇ ಓದುಗರಲ್ಲಿ ಮೇಲಿನ ಅಂತಸ್ತು ಬಾಡಿಗೆಗೆ ಕೊಟ್ಟವರು ಇದ್ದಾರೆ. ಅವರ ಬಾಗಿಲಲ್ಲಿ ಈ ಪ್ರಶ್ನೆ ಬರುವುದಿಲ್ಲವೆಂದು ಭಾವಿಸೋಣವೇ?

ಹೌದು, ಮನೆ ಮಾಲಿಕರೆಲ್ಲ ಶ್ರೀಮಂತರೆಂದು ನಾವು ಹೇಳುತ್ತಿಲ್ಲ. ಗಂಡ ತೀರಿಕೊಂಡ ಮೇಲೆ ಮುಂದಿನ ಎರಡು ಕೋಣೆ ಬಾಡಿಗೆಗೆ ಕೊಟ್ಟು ಅದರಿಂದಲೇ ಗಂಜಿ ಕಾಣುವ ಮುದುಕಿಯರಿದ್ದಾರೆ. ನಿವೃತ್ತಿಯ ಗಂಟೆಲ್ಲ ಹಾಕಿ ಮೇಲೊಂದು ಅಂತಸ್ತು ಕಟ್ಟಿಸಿ, ಬಾಡಿಗೆ ಕೊಡದೆ ಬೀಗ ಹಾಕಿಕೊಂಡು ಹೋದ ಬಾಡಿಗೆದಾರನಿಂದ ಪೆಟ್ಟು ತಿಂದವರಿದ್ದಾರೆ. ಬರೆದ ಕರಾರು, ಬೇಗ ತೀರ್ಮಾನ ಕೊಡುವ ಅಧಿಕಾರಿ ಇವರಿಗೂ ಬೇಕು. ಹತ್ತು ಮನೆ ಹಿಡಿದಿಟ್ಟುಕೊಂಡು, ಎರಡಕ್ಕೆ ಬಣ್ಣ ಬಳಿದು, ಮೂರಕ್ಕೆ ಬೀಗ ಜಡಿದು, ಬೆಲೆ ಏರಲೆಂದು ಕಾಯುವವನ ವಿಷಯ ಬೇರೆ. ಇಬ್ಬರನ್ನೂ ಒಂದೇ ಚೀಲದಲ್ಲಿ ತುಂಬುವ ಕಾಯಿದೆ ಇಬ್ಬರಿಗೂ ನ್ಯಾಯ ಮಾಡಲಾರದು.

ಬೀಗದ ಮಾತು ಉತ್ಪ್ರೇಕ್ಷೆಯಲ್ಲ. 2011ರ ಜನಗಣತಿಯಲ್ಲಿ ದೇಶದ ಪಟ್ಟಣಗಳಲ್ಲಿ ಸುಮಾರು 1 ಕೋಟಿ 11 ಲಕ್ಷ ಮನೆಗಳು ಖಾಲಿ ಬಿದ್ದಿದ್ದವು. ಮರುವರ್ಷ, 2012ರಲ್ಲಿ, ಕೇಂದ್ರದ ತಜ್ಞರ ತಂಡ ಪಟ್ಟಣಗಳಲ್ಲಿ 1 ಕೋಟಿ 87 ಲಕ್ಷಕ್ಕೂ ಹೆಚ್ಚು ಮನೆಗಳ ಕೊರತೆ ಇದೆಯೆಂದು ಲೆಕ್ಕ ಕೊಟ್ಟಿತು. ಒಂದು ಕಡೆ ಜನವಿಲ್ಲದ ಮನೆ, ಇನ್ನೊಂದು ಕಡೆ ಮನೆಯಿಲ್ಲದ ಜನ.

ಹೊರದೇಶದಲ್ಲಿ ಇದಕ್ಕೆ ಏನು ಮಾಡಿದರು? 1915ರಲ್ಲಿ ಸ್ಕಾಟ್‌ಲೆಂಡಿನ ಗ್ಲಾಸ್ಗೋ ಪಟ್ಟಣಕ್ಕೆ ಯುದ್ಧದ ಕಾರ್ಖಾನೆಗಳಲ್ಲಿ ದುಡಿಯಲು ಜನ ಬಂದು ತುಂಬಿದರು. ಗಂಡಸರು ರಣರಂಗದಲ್ಲಿ, ಇತ್ತ ಮಾಲಿಕರು ಬಾಡಿಗೆ ಏರಿಸಿದರು. ಮೇರಿ ಬಾರ್ಬರ್ ಎಂಬ ಹೆಣ್ಣುಮಗಳ ಮುಂದಾಳುತನದಲ್ಲಿ ಹೆಂಗಸರು ಹೆಚ್ಚಿದ ಬಾಡಿಗೆ ಕೊಡುವುದಿಲ್ಲವೆಂದು ಕುಳಿತರು. ಮನೆ ಬಿಡಿಸಲು ಬಂದ ಅಮೀನರನ್ನು ಓಣಿಯಲ್ಲೇ ತಡೆದರು. ಅದೇ ವರ್ಷದ ಡಿಸೆಂಬರಿನಲ್ಲಿ ಪಾರ್ಲಿಮೆಂಟು ಬಾಡಿಗೆಯನ್ನು ಯುದ್ಧಕ್ಕೆ ಮುಂಚಿನ ಮಟ್ಟಕ್ಕೆ ಕಟ್ಟಿಹಾಕುವ ಕಾಯಿದೆ ಮಾಡಿತು. ಮೂರು ವರ್ಷದ ಮೇಲೆ, 1918ರಲ್ಲಿ, ಮುಂಬಯಿಗೂ ಅಂಥದ್ದೇ ಕಾಯಿದೆ ಬಂದಿತು. ಆಸ್ಟ್ರಿಯದ ವಿಯೆನ್ನಾ ಪಟ್ಟಣದ ಸಮಾಜವಾದಿ ನಗರಸಭೆ ಇನ್ನೂ ಮುಂದೆ ಹೋಯಿತು. 1923ರಿಂದ ಶ್ರೀಮಂತರ ಮೇಲೆ ಹೆಚ್ಚು ಬೀಳುವ ಮನೆ ತೆರಿಗೆ ಹಾಕಿ, ಆ ಹಣದಿಂದ 1934ರೊಳಗೆ ಸುಮಾರು ಅರವತ್ತು ಸಾವಿರ ಮನೆ ಕಟ್ಟಿ ಕೆಲಸಗಾರರಿಗೆ ಬಾಡಿಗೆಗೆ ಕೊಟ್ಟಿತು. ಅವು ಊರಾಚೆಯ ಗುಡ್ಡದ ಮೇಲೆ ಎಸೆದ ಮನೆಗಳಲ್ಲ. ಅಂಗಳ, ಬಟ್ಟೆ ಒಗೆಯುವ ಮನೆ, ಶಿಶುವಿಹಾರ, ಗ್ರಂಥಾಲಯ ಇದ್ದ ಕಟ್ಟಡಗಳು. ಇಂದಿಗೂ ಜನ ಅವುಗಳಲ್ಲಿ ವಾಸವಾಗಿದ್ದಾರೆ.

ನಮ್ಮಲ್ಲಿ 2020ರ ಜುಲೈಯಲ್ಲಿ, ಕೊರೋನಾ ಕಾಲದಲ್ಲಿ ಕೂಲಿಗಳು ನಡೆದು ಊರಿಗೆ ಹೋದದ್ದನ್ನು ಜಗತ್ತೆಲ್ಲ ನೋಡಿದ ಮೇಲೆ, ಕೇಂದ್ರ ಸರಕಾರ ಕೈಗೆಟುಕುವ ಬಾಡಿಗೆ ಮನೆಗಳ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2021ರ ಜೂನ್ 2ರಂದು ಮಾದರಿ ಬಾಡಿಗೆ ಕಾಯಿದೆಗೂ ಒಪ್ಪಿಗೆ ಆಯಿತು. ಆ ಮಾದರಿಯಲ್ಲಿ ನಮಗೆ ಬೇಕಾದ ಎರಡು ಮಾತುಗಳಿವೆ. ವಾಸದ ಮನೆಗೆ ಮುಂಗಡ ಎರಡು ತಿಂಗಳ ಬಾಡಿಗೆಗೆ ಮೀರಬಾರದು. ಕಟ್ಟಡದ ದುರಸ್ತಿ, ಗೋಡೆಯ ಸುಣ್ಣ, ಬಾಗಿಲು ಕಿಟಕಿಯ ಬಣ್ಣ, ಕೊಳವೆ, ವಿದ್ಯುತ್ ತಂತಿ ಇವೆಲ್ಲ, ಬೇರೆ ಒಪ್ಪಂದವಿಲ್ಲದಿದ್ದರೆ, ಮಾಲಿಕನ ಹೊಣೆ. ಅಂದರೆ ಬಣ್ಣ ಬಳಿಯುವುದು ಉಪಕಾರವಲ್ಲ, ಕರ್ತವ್ಯ. ಬಾಡಿಗೆಗೆ ಮಿತಿ ಹಾಕುವ ಮಾತು ಮಾತ್ರ ಅದರಲ್ಲಿ ಇಲ್ಲ. ಅದನ್ನು ಸಂತೆಗೆ ಬಿಟ್ಟಿದ್ದಾರೆ. ಮತ್ತು ಮಾದರಿ ಎಂಬುದು ಮಾದರಿಯೇ. ರಾಜ್ಯದ ವಿಧಾನಸಭೆ ಅದನ್ನು ಕಾಯಿದೆ ಮಾಡಿದಾಗ ಮಾತ್ರ ಅದಕ್ಕೆ ಜೀವ.

ನಾವು ಬೆಂಗಳೂರನ್ನು ಕೇಳಬೇಕಾದದ್ದು ಇಷ್ಟು. ಎರಡು ಸಾವಿರದ ಆ ಅಗುಳಿಯನ್ನು ತೆಗೆಯಿರಿ. ಮುಂಗಡವನ್ನು ಎರಡು ತಿಂಗಳಿಗೆ ಇಳಿಸಿರಿ. ನವೀಕರಣಕ್ಕೆ ಹಾಕಿದ ಖರ್ಚಿನ ಪಾವತಿ ತೋರಿಸಿದಷ್ಟಕ್ಕೆ ಮಾತ್ರ ಬಾಡಿಗೆ ಏರಲಿ; ನಾವು ಮೇಲೆ ಮಾಡಿದ ಲೆಕ್ಕವನ್ನು ಏಳನೆಯ ತರಗತಿಯ ಹುಡುಗನೂ ಮಾಡಬಲ್ಲ, ಅಧಿಕಾರಿಗೆ ಅದು ಅಸಾಧ್ಯವಲ್ಲ. ದುರಸ್ತಿಗೆಂದು ಬಿಡಿಸಿದವರಿಗೆ ಮರಳಿ ಬರುವ 1961ರ ಹಕ್ಕನ್ನು ಹಿಂದಿರುಗಿಸಿರಿ. ರಾಯಚೂರಿನ ನಗರಾಡಳಿತವನ್ನು ಕೇಳಬೇಕಾದದ್ದು ಬೇರೆ: ವರ್ಷಗಟ್ಟಲೆ ಬೀಗ ಬಿದ್ದ ಮನೆಗಳ ಮೇಲೆ ಹೆಚ್ಚಿನ ತೆರಿಗೆ ಹಾಕುವ ಅಧಿಕಾರವನ್ನು ಸರಕಾರದಿಂದ ಪಡೆಯಲಿ, ಗಂಜಿಗೂ ಮಿಲ್ಲುಗಳಿಗೂ ನಡೆದು ಹೋಗುವಷ್ಟು ದೂರದಲ್ಲಿ ಬಾಡಿಗೆಗೆಂದೇ ಎರಡು ಕೋಣೆಯ ಮನೆಗಳನ್ನು ಕಟ್ಟಿಸಲಿ. ಮನೆ ಹಂಚುವ ಯೋಜನೆಗಳೆಲ್ಲ ಸ್ವಂತ ಮನೆಯ ಆಸೆಯನ್ನೇ ತೋರಿಸುತ್ತವೆ. ಹಂಗಾಮಿಗೆ ಬಂದು ಹೋಗುವ ಕೆಲಸಗಾರನಿಗೆ, ಐದು ವರ್ಷ ಮಕ್ಕಳನ್ನು ಓದಿಸಿ ಊರಿಗೆ ಮರಳುವ ಗಬ್ಬೂರಿನ ಸಂಸಾರಕ್ಕೆ ಬೇಕಾದದ್ದು ಮರ್ಯಾದೆಯಿಂದ ಇರಬಹುದಾದ ಬಾಡಿಗೆ ಮನೆ.

ಮೇ ತಿಂಗಳ ಕೊನೆಗೆ ಶಾಲೆಗಳು ತೆರೆಯುತ್ತವೆ. ಅದಕ್ಕೂ ಮುಂಚಿನ ಆರು ವಾರ ರಾಯಚೂರಿನಲ್ಲಿ ಮನೆ ಹುಡುಕುವವರ ಸುಗ್ಗಿ. ದಲಾಲರದೂ ಅದೇ ಸುಗ್ಗಿ. ಕರಾರು ಪತ್ರ ಕೈಯಲ್ಲಿರುವವರು ಸಹಿ ಹಾಕುವ ಮುಂಚೆ ಯಾವುದಾದರೂ ಭಾನುವಾರ ಬೆಳಿಗ್ಗೆ ಕಚೇರಿಗೆ ತರಬಹುದು, ಕೂತು ಸಾಲು ಸಾಲಾಗಿ ಓದಿ ಹೇಳುತ್ತೇವೆ. ಹಿಂದಿನ ಮನೆಯ ಮುಂಗಡ ಇನ್ನೂ ಬಾರದವರು ಬಾಡಿಗೆ ಕೊಟ್ಟ ಪಾವತಿಗಳನ್ನೂ, ಮನೆ ಬಿಟ್ಟ ದಿನದ ಫೋಟೋ ಇದ್ದರೆ ಅದನ್ನೂ ಜೊತೆಗೆ ತರಬೇಕು.